ಮನೆಗೆ ಬಂದ ಕಚೇರಿ

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರಿದ್ದರು. ಅವರು ಕೊಡೆ ಹಿಡಿದು ಮನೆಯಿಂದ ಹೊರಬಿದ್ದರೆಂದರೆ ಹತ್ತಕ್ಕೆ ಕಾಲು ಗಂಟೆಯಿದೆ ಎಂದು ನಮ್ಮ ತಾಯಿ ಗಡಿಯಾರ ನೋಡದೆಯೇ ಹೇಳುತ್ತಿದ್ದರು. ಕಚೇರಿಯ ಕಾಗದಪತ್ರಗಳೆಲ್ಲ ಕಚೇರಿಯ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಶಿರಸ್ತೇದಾರರ ಬಳಿ, ಮುದ್ರೆ ಸಾಹೇಬರ ಮೇಜಿನ ಡ್ರಾಯರಿನಲ್ಲಿ, ಬಾಗಿಲಿನಲ್ಲಿ ಜವಾನ. ಸಂಜೆ ಹಿಂದಿರುಗುತ್ತಿದ್ದುದು ಗುಮಾಸ್ತರು, ಅವರ ಕೊಡೆ, ಕೈಚೀಲದಲ್ಲಿ ಒಂದಿಷ್ಟು ತರಕಾರಿ, ಇಷ್ಟೆ. ಕಚೇರಿ ಕಚೇರಿಯಲ್ಲಿಯೇ ಉಳಿಯುತ್ತಿತ್ತು.

ಈಗ ಕಚೇರಿಯೇ ಮನೆಗೆ ಬಂದಿದೆ. ೨೦೨೦ರ ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಲ್ಲ, ಆಗ ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿದ್ದ ಮಕ್ಕಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ತಮ್ಮ ತಮ್ಮ ಊರು ಸೇರಿದರು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ನಿಯಮಗಳನ್ನು ಸಡಿಲಿಸಿ, ಇಂಥ ಸಂಸ್ಥೆಗಳ ನೌಕರರು ಮನೆಯಿಂದಲೋ ದೇಶದ ಇನ್ನಾವ ಸ್ಥಳದಿಂದಲೋ ಕೆಲಸ ಮಾಡುವ ದಾರಿಯನ್ನು ಸುಗಮಗೊಳಿಸಿತು. ರೋಗದ ಭಯ ಕಳೆದ ಮೇಲೆ ಬಹಳ ಮಂದಿ ಕಚೇರಿಗಳಿಗೆ ಹಿಂದಿರುಗಿದರೂ, ವಾರದಲ್ಲಿ ಒಂದೆರಡು ದಿನವಾದರೂ ಮನೆಯಿಂದ ಕೆಲಸ ಮಾಡುವ ಪದ್ಧತಿ ಎಷ್ಟೋ ಕಡೆ ನಿಂತುಕೊಂಡಿದೆ. ಇದರಿಂದ ಒಳ್ಳೆಯದೂ ಆಗಿದೆ. ಮಗಳು ಕಣ್ಣ ಮುಂದೆ ಇರುತ್ತಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ. ಬೆಂಗಳೂರಿನ ಬಾಡಿಗೆಯೂ ಉಳಿಯುತ್ತದೆ. ಈ ಲಾಭವನ್ನು ಅಲ್ಲಗಳೆಯುವ ತಂದೆತಾಯಿಗಳು ಯಾರಿದ್ದಾರೆ?

ಆದರೆ ನಾವು ಗಮನಿಸದೆ ಬಿಟ್ಟ ಸಂಗತಿ ಒಂದುಂಟು. ಕಚೇರಿ ಬಂತು, ಜವಾನ ಬರಲಿಲ್ಲ. ಕಾಗದಪತ್ರ ಬಂತು, ಬೀರು ಬರಲಿಲ್ಲ. ಮುದ್ರೆ ಬಂತು, ಅದನ್ನಿಡುವ ಡ್ರಾಯರು ಬರಲಿಲ್ಲ. ದೇವರ ಮನೆಯ ಪಕ್ಕದ ಕೋಣೆಯು ಒಂದು ಬ್ಯಾಂಕಿನ ತುಣುಕಾಯಿತು, ಆಸ್ಪತ್ರೆಯ ತುಣುಕಾಯಿತು, ಸಾವಿರಾರು ಜನರ ಗುಟ್ಟುಗಳ ಉಗ್ರಾಣವಾಯಿತು. ಉಗ್ರಾಣಕ್ಕೆ ಕಾವಲಿನವರು ಯಾರು? ಇವತ್ತಿನ ನನ್ನ ಮಾತು ಈ ವಿಚಾರವಾಗಿ. ನಾನು ಯಂತ್ರಶಾಸ್ತ್ರ ಬಲ್ಲವನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಹೇಳುವ ಪಂಡಿತ. ಈ ವಿಷಯ ನನ್ನ ತಲೆಗೆ ಹತ್ತಿದುದು ಗ್ರಂಥಾವಲೋಕನದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನು ಮೊದಲು ಒಪ್ಪಿಸಿಬಿಡುತ್ತೇನೆ.

ಹೋದ ಮಳೆಗಾಲದ ಒಂದು ಸಂಜೆ. ಮಗಳು ಒಳಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಇದ್ದಕ್ಕಿದ್ದಂತೆ ಮಳೆ ಹನಿಯತೊಡಗಿತು. ಒಣಗಹಾಕಿದ್ದ ಬಟ್ಟೆ ತರಲು ಅವಳು ತಾರಸಿಗೆ ಓಡಿದಳು. ಮೇಜಿನ ಮೇಲೆ ಅವಳ ಫೋನು ಬಡಿದುಕೊಂಡಿತು. ಕೈಗೆತ್ತಿಕೊಂಡೆ. ಅತ್ತ ಕಡೆಯಿಂದ ಬಹಳ ವಿನಯವಾದ ದನಿ: "ಸಾರ್, ನಾವು ಮೇಡಂ ಅವರ ಕಂಪನಿಯ ಕಂಪ್ಯೂಟರ್ ವಿಭಾಗದವರು. ಇನ್ನೆರಡು ನಿಮಿಷದಲ್ಲಿ ಅವರ ಸಂಪರ್ಕ ಕಡಿದುಹೋಗುತ್ತದೆ. ಇವತ್ತಿನ ಕೆಲಸವೆಲ್ಲ ಅಳಿಸಿಹೋಗುತ್ತದೆ. ಈಗ ತಾನೇ ಫೋನಿಗೆ ಆರು ಅಂಕಿ ಬಂದಿರಬೇಕು. ಅದನ್ನೊಂದು ಓದಿ ಹೇಳಿಬಿಟ್ಟರೆ ನಾವೇ ಸರಿಮಾಡುತ್ತೇವೆ." ನೋಡಿದೆ. ಅಂಕಿಗಳು ಬಂದಿದ್ದುವು; ಫೋನಿನ ಬೀಗ ತೆಗೆಯುವ ಗೊಡವೆಯೂ ಇಲ್ಲದೆ ಮೇಲೆಯೇ ಕಾಣುತ್ತಿದ್ದುವು. ಮೂವತ್ತು ವರ್ಷ ಮಕ್ಕಳಿಗೆ 'ಗಟ್ಟಿಯಾಗಿ, ಸ್ಪಷ್ಟವಾಗಿ ಓದಿ' ಎಂದು ಹೇಳಿಕೊಟ್ಟವನು ನಾನು. ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದೆ.

ಮಗಳು ಬಟ್ಟೆಯ ರಾಶಿಯೊಡನೆ ಇಳಿದು ಬಂದಳು. "ಯಾರಪ್ಪಾ ಫೋನು?" ಎಂದಳು. ಅವಳ ಕೆಲಸ ಉಳಿಸಿಕೊಟ್ಟ ಹೆಮ್ಮೆಯಿಂದ ನಡೆದುದನ್ನು ಹೇಳಿದೆ. ಅವಳ ಕೈಯಲ್ಲಿದ್ದ ಬಟ್ಟೆ ನೆಲದ ಮೇಲೆ ಬಿತ್ತು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಗುರುತಿನ ಚೀಟಿಯ ಹಿಂದೆ ಅಚ್ಚಾಗಿದ್ದ ನಂಬರಿಗೆ ಫೋನು ಮಾಡಿ, ನಡೆದುದನ್ನು ನಡೆದ ಹಾಗೆಯೇ ಹೇಳಿದಳು. ಕಚೇರಿಯವರು ಕೂಡಲೇ ಅವಳ ಪ್ರವೇಶವನ್ನು ಮುಚ್ಚಿದರು. ಅಷ್ಟರೊಳಗೆ ಯಾರೋ ಎಲ್ಲಿಂದಲೋ ಅವಳ ಹೆಸರಿನಲ್ಲಿ ಒಳಹೊಕ್ಕು ಪತ್ರಗಳ ಪಟ್ಟಿಯನ್ನು ತೆರೆದಿದ್ದರಂತೆ. ಮುಂದಕ್ಕೆ ಹೋಗಲು ಅವಕಾಶವಾಗಲಿಲ್ಲ. ಮೂರು ದಿನ ಅವಳ ಕೆಲಸ ನಿಂತಿತು. ಆ ಮೂರು ರಾತ್ರಿ ನನಗೆ ನಿದ್ರೆಯಿಲ್ಲ. ಮಗಳ ಅನ್ನಕ್ಕೆ ತಂದೆಯೇ ಕಲ್ಲು ಹಾಕಿದೆನಲ್ಲಾ ಎಂಬ ಸಂಕಟವನ್ನು ಹೇಗೆ ಹೇಳಲಿ?

ಆಮೇಲೆ ತಿಳಿದ ವಿವರ ಇದು. ಮಗಳು ಕೆಲವು ವರ್ಷಗಳ ಹಿಂದೆ ಯಾವುದೋ ಅಂಗಡಿಯ ಜಾಲತಾಣದಲ್ಲಿ ಬಟ್ಟೆ ಕೊಳ್ಳುವಾಗ ಒಂದು ಪಾಸ್‌ವರ್ಡನ್ನು ಕೊಟ್ಟಿದ್ದಳು. ಅದೇ ಪಾಸ್‌ವರ್ಡನ್ನು ಕಚೇರಿಯ ಕೆಲಸಕ್ಕೂ ಇಟ್ಟುಕೊಂಡಿದ್ದಳು. ಅಂಗಡಿಯ ಪಟ್ಟಿ ಕಳ್ಳರ ಕೈಗೆ ಬಿದ್ದಿರಬೇಕೆಂದು ಕಚೇರಿಯವರ ಊಹೆ. ಮೊದಲನೆಯ ಬೀಗದ ಕೈ ಹೀಗೆ ಸಿಕ್ಕಿತು. ಎರಡನೆಯ ಬೀಗದ ಕೈಯೇ ಆ ಆರು ಅಂಕಿ. ಅದನ್ನು ನಾನು ಓದಿ ಹೇಳಿದೆ. ತಂದೆ ಮಗಳಿಬ್ಬರೂ ಸೇರಿ ಎರಡು ಬಾಗಿಲನ್ನೂ ತೆರೆದುಕೊಟ್ಟಂತಾಯಿತು.

ಆ ದಿನಗಳಲ್ಲಿ ನನಗೆ ಪದೇ ಪದೇ ನೆನಪಾಗುತ್ತಿದ್ದುದು 'ಮುದ್ರಾರಾಕ್ಷಸ'ದ ಉಂಗುರ. ವಿಶಾಖದತ್ತನ ಸಂಸ್ಕೃತ ನಾಟಕ ಅದು. ಅದರ ಕಥೆಯ ಆಧಾರದಿಂದ ನಮ್ಮ ಕೆಂಪುನಾರಾಯಣನು ೧೮೨೩ರಲ್ಲಿ 'ಮುದ್ರಾಮಂಜೂಷ'ವೆಂಬ ಕನ್ನಡ ಗದ್ಯಗ್ರಂಥವನ್ನು ರಚಿಸಿದನು. ನಾಟಕದ ಕಥೆಯನ್ನು ಮೊದಲನೆಯ ಅಂಕದಿಂದ ಜ್ಞಾಪಿಸಿಕೊಳ್ಳಿ. ನಂದರ ಮಂತ್ರಿಯಾದ ರಾಕ್ಷಸನು ಪಾಟಲಿಪುತ್ರವನ್ನು ಬಿಟ್ಟು ಹೋಗುವಾಗ ಹೆಂಡತಿಮಕ್ಕಳನ್ನು ಗೆಳೆಯನಾದ ಚಂದನದಾಸನ ಮನೆಯಲ್ಲಿ ಇಟ್ಟುಹೋಗಿದ್ದಾನೆ. ತನ್ನ ಮುದ್ರೆಯುಂಗುರವೂ ಹೆಂಡತಿಯ ಬಳಿಯೇ ಉಳಿದಿದೆ. ಚಾಣಕ್ಯನ ಗೂಢಚಾರನೊಬ್ಬನು ಯಮನ ಚಿತ್ರಪಟವನ್ನು ಹರಡಿ ಹಾಡುತ್ತ ಆ ಮನೆಗೆ ಬರುತ್ತಾನೆ. ಹಾಡು ಕೇಳಿ ಐದು ವರ್ಷದ ಮಗುವೊಂದು ಕುತೂಹಲದಿಂದ ಬಾಗಿಲಿನಾಚೆಗೆ ಬರುತ್ತದೆ. 'ಅಯ್ಯೋ, ಮಗು ಹೊರಗೆ ಹೋಯಿತು' ಎಂದು ತಾಯಿ ಕೈಚಾಚಿ ಒಳಕ್ಕೆಳೆಯುತ್ತಾಳೆ. ಗಂಡಸಿನ ಬೆರಳಿಗೆಂದು ಮಾಡಿದ ಉಂಗುರ. ಹೆಂಗಸಿನ ಬೆರಳಿನಲ್ಲಿ ಸಡಿಲವಾಗಿದ್ದುದು ಜಾರಿ, ಹೊಸ್ತಿಲಿನಾಚೆಗೆ ಉರುಳಿ, ಗೂಢಚಾರನ ಕಾಲಿನ ಬಳಿ ನಿಲ್ಲುತ್ತದೆ. ತಾಯಿಗೆ ತಿಳಿಯುವುದೇ ಇಲ್ಲ.

ಮುಂದಿನದೆಲ್ಲ ಆ ಉಂಗುರದ ಪ್ರಭಾವ. ರಾಕ್ಷಸನ ಮಿತ್ರನಾದ ಶಕಟದಾಸನ ಕೈಯಿಂದಲೇ ಚಾಣಕ್ಯನು ಉಪಾಯವಾಗಿ ಒಂದು ಪತ್ರ ಬರೆಯಿಸುತ್ತಾನೆ, ಅದರ ಮೇಲೆ ರಾಕ್ಷಸನ ಮುದ್ರೆ ಒತ್ತಿಸುತ್ತಾನೆ. ಪತ್ರ ಸೇರಬೇಕಾದಲ್ಲಿಗೆ ಸೇರಿ, ರಾಕ್ಷಸನ ಪಕ್ಷದವರು ಅವನನ್ನೇ ನಂಬದಂತಾಗುತ್ತಾರೆ. ದೊಡ್ಡ ಸೈನ್ಯವೊಂದು ಕಾದಾಡದೆಯೇ ಚೆದರಿಹೋಗುತ್ತದೆ. ಇದರಲ್ಲಿ ಗಮನಿಸಬೇಕಾದ ಅಂಶ ಯಾವುದು? ಮುದ್ರೆ ಅಸಲಿಯೇ, ಅಕ್ಷರವೂ ಅಸಲಿಯೇ; ಪತ್ರ ಮಾತ್ರ ಕಪಟ. ಇನ್ನು, ಆ ತಾಯಿ ಮಾಡಿದ ಅಪರಾಧವೇನು? ಮಗುವನ್ನು ಒಳಕ್ಕೆಳೆದುಕೊಂಡಳು. ಯಾವ ತಾಯಿ ಎಳೆದುಕೊಳ್ಳುವುದಿಲ್ಲ? ಅಮಾತ್ಯನ ಮುದ್ರೆ ಅರಮನೆಯಲ್ಲಿರಬೇಕಾಗಿತ್ತು, ಮನೆಗೆ ಬಂದಿತ್ತು. ಮನೆಯೆಂದ ಮೇಲೆ ಮಗು ಓಡುತ್ತದೆ, ಮಳೆ ಬರುತ್ತದೆ, ಹಾಲು ಉಕ್ಕುತ್ತದೆ. ಕಳ್ಳನು ಕಾದಿರುವುದು ಆ ಗಳಿಗೆಗಾಗಿ.

ನಮ್ಮ ಮಕ್ಕಳ ಪಾಸ್‌ವರ್ಡು, ಫೋನಿಗೆ ಬರುವ ಅಂಕಿ, ಇವೇ ಇಂದಿನ ಮುದ್ರೆಯುಂಗುರಗಳು. ನೂರಾರು ಮೈಲಿ ದೂರದಲ್ಲಿರುವ ಕಚೇರಿಯ ಯಂತ್ರಕ್ಕೆ ನಮ್ಮ ಮಗಳ ಮುಖ ಕಾಣುವುದಿಲ್ಲ. ಮುದ್ರೆ ಯಾರು ತಂದರೆ ಅವರೇ ಅದರ ಪಾಲಿಗೆ ನಮ್ಮ ಮಗಳು.

ಮೋಸಹೋದವನು ಹಳ್ಳಿಗಾಡಿನ ಪಂಡಿತನೊಬ್ಬನೇ ಎಂದು ನೀವು ನಗಬೇಡಿ. ೨೦೨೦ರ ಜುಲೈ ೧೫ರಂದು ಅಮೆರಿಕದಲ್ಲಿ ನಡೆದುದನ್ನು ಕೇಳಿ. ಈಗ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿರುವ ಟ್ವಿಟರ್ ಕಂಪನಿಯ ನೌಕರರು ಆಗ ಮನೆಗಳಿಂದ ಕೆಲಸ ಮಾಡುತ್ತಿದ್ದರು. ಮನೆಗೂ ಕಚೇರಿಗೂ ನಡುವೆ ಗುಪ್ತಲಿಪಿಯಲ್ಲಿ ಮಾತು ಸಾಗಿಸುವುದಕ್ಕೆ ವಿ.ಪಿ.ಎನ್. ಎಂಬ ಏರ್ಪಾಡುಂಟು, ಒಂದು ಸುರಂಗವೆನ್ನಿ. ಎಲ್ಲರೂ ಒಮ್ಮೆಗೇ ಮನೆ ಸೇರಿದ್ದರಿಂದ ಆ ಸುರಂಗದ ತೊಂದರೆ ಆಗಾಗ ಇದ್ದದ್ದೇ. ಕಳ್ಳರು ಇದನ್ನು ಬಲ್ಲವರಾಗಿದ್ದರು. ನೌಕರರಿಗೆ ಫೋನು ಮಾಡಿ, 'ನಾವು ಕಂಪನಿಯ ಸಹಾಯ ವಿಭಾಗದವರು, ನಿಮ್ಮ ವಿ.ಪಿ.ಎನ್. ತೊಂದರೆ ಸರಿಮಾಡಲು ಕರೆದಿದ್ದೇವೆ' ಎಂದರು. ಅಸಲಿಯ ಪಡಿಯಚ್ಚಿನಂತಿದ್ದ ಒಂದು ಪುಟವನ್ನು ತೋರಿಸಿ ಅದರಲ್ಲಿ ಪಾಸ್‌ವರ್ಡ್ ಬರೆಯಿರೆಂದರು. ನೌಕರರು ಅಲ್ಲಿ ಬರೆಯುತ್ತಿದ್ದಂತೆಯೇ ಕಳ್ಳರು ಅದನ್ನು ನಿಜವಾದ ಪುಟದಲ್ಲಿ ಬರೆದರು. ನಿಜವಾದ ಪುಟವು ವಾಡಿಕೆಯಂತೆ 'ಇದು ನೀವೇ ತಾನೆ?' ಎಂದು ನೌಕರರ ಫೋನಿಗೆ ಕೇಳಿಕಳುಹಿಸಿತು. ಕೆಲವರು 'ಹೌದು' ಎಂದು ಒತ್ತಿಬಿಟ್ಟರು.

ಮೊದಲು ಸಿಕ್ಕಿದವರ ಬಳಿ ದೊಡ್ಡ ಅಧಿಕಾರವೇನೂ ಇರಲಿಲ್ಲ. ಆದರೆ ಅವರ ಬಾಗಿಲಿನಿಂದ ಒಳಹೊಕ್ಕು, ಅಧಿಕಾರವುಳ್ಳವರು ಯಾರೆಂದು ತಿಳಿದುಕೊಂಡು, ಕಳ್ಳರು ಅವರನ್ನು ಹಿಡಿದರು. ೧೩೦ ಖಾತೆಗಳ ಮೇಲೆ ಕೈಯಿಟ್ಟರು. ಬರಾಕ್ ಒಬಾಮ, ಜೋ ಬೈಡನ್, ಬಿಲ್ ಗೇಟ್ಸ್ ಇವರ ಹೆಸರುಗಳಿಂದಲೇ 'ಹಣ ಕಳುಹಿಸಿ, ಇಮ್ಮಡಿಯಾಗಿ ಹಿಂದಿರುಗಿಸುತ್ತೇವೆ' ಎಂದು ಲೋಕಕ್ಕೆ ಸಾರಿದರು. ನಂಬಿದವರು ಕಳೆದುಕೊಂಡದ್ದು ೧,೧೮,೦೦೦ ಡಾಲರಿಗೂ ಮೇಲೆ. ಇದಕ್ಕೆಲ್ಲ ಮುಖಂಡನಾದವನು ಯಾರು ಬಲ್ಲಿರಾ? ಫ್ಲಾರಿಡಾ ಪ್ರಾಂತದ ೧೭ ವರ್ಷದ ಒಬ್ಬ ಹುಡುಗ. ನಮ್ಮ ಹೈಸ್ಕೂಲು ಬಿಟ್ಟು ಕಾಲೇಜು ಸೇರಿದ ಮಕ್ಕಳ ವಯಸ್ಸು. ಅವನು ಕೋಟೆಯ ಗೋಡೆಯನ್ನೇನೂ ಒಡೆಯಲಿಲ್ಲ. ಬಾಗಿಲು ತಟ್ಟಿ, 'ನಾನು ನಿಮ್ಮವನೇ' ಎಂದನು.

ಇಲ್ಲಿ ಇನ್ನೂ ಒಂದು ವಿವರವುಂಟು. ಕೆಲವು ನೌಕರರು ಕರೆ ಬಂದಾಗ ಸಂಶಯಪಟ್ಟು ಕಂಪನಿಗೆ ತಿಳಿಸಿದ್ದರು. ಅವರಿಗೆ ಹೆಚ್ಚಿನ ವಿದ್ಯೆಯೇನೂ ಬೇಕಾಗಿರಲಿಲ್ಲ. ಒಂದು ಗಳಿಗೆ ತಡೆದು ಯೋಚಿಸಿದರು, ಅಷ್ಟೆ. 'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ನಮ್ಮ ಗಾದೆಯನ್ನು ಕಳ್ಳರು ನಮಗಿಂತ ಚೆನ್ನಾಗಿ ಬಲ್ಲರು. ಆದಕಾರಣವೇ 'ಎರಡೇ ನಿಮಿಷ', 'ಈಗಲೇ', 'ಇಲ್ಲವಾದರೆ ಎಲ್ಲ ಹೋಯಿತು' ಎನ್ನುತ್ತಾರೆ. ಹೀಗೆ ಅವಸರಪಡಿಸುವ ಕರೆ ಬಂದಾಗ ಮಾಡಬೇಕಾದ ಕೆಲಸ ಒಂದೇ. ಮರ್ಯಾದೆಯಿಂದ ಫೋನು ಇಡುವುದು. ಅವರು ಕೊಟ್ಟ ನಂಬರಿಗಲ್ಲ, ನಮ್ಮ ಬಳಿ ಮೊದಲೇ ಇರುವ ನಂಬರಿಗೆ ನಾವೇ ಕರೆಮಾಡಿ ಕೇಳುವುದು. ಅಸಲಿ ಅಧಿಕಾರಿಯಾದರೆ ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೆ ಅದೇ ಗುರುತು.

'ಫೋನಿನಲ್ಲಿ ದನಿ ಬೇರೆಯವರದಾದೀತು. ಮುಖ ಕಂಡರೆ ನಂಬಬಹುದಲ್ಲ?' ಎಂದು ನೀವು ಕೇಳಬಹುದು. ಆ ಕಾಲವೂ ಹೋಯಿತು. ೨೦೨೪ರಲ್ಲಿ ಹಾಂಗ್‌ಕಾಂಗಿನಲ್ಲಿ ಆರಪ್ ಎಂಬ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಯ ನೌಕರರೊಬ್ಬರಿಗೆ ಗುಟ್ಟಾಗಿ ಹಣ ಕಳುಹಿಸಬೇಕೆಂಬ ಸಂದೇಶ ಬಂತು. ಅವರು ಮೊದಲು ಸಂಶಯಪಟ್ಟರು. ಅನಂತರ ದೃಶ್ಯ ಸಭೆಗೆ ಕರೆ ಬಂತು. ಹೋಗಿ ನೋಡಿದರೆ ಹಣಕಾಸಿನ ಮುಖ್ಯಾಧಿಕಾರಿಗಳೇ ಕುಳಿತಿದ್ದಾರೆ. ಪರಿಚಿತ ಸಹೋದ್ಯೋಗಿಗಳೂ ಇದ್ದಾರೆ. ಸಂಶಯ ಹರಿಯಿತು. ೧೫ ಸಲವಾಗಿ ೨೦ ಕೋಟಿ ಹಾಂಗ್‌ಕಾಂಗ್ ಡಾಲರುಗಳನ್ನು ಕಳುಹಿಸಿಕೊಟ್ಟರು. ಆ ಸಭೆಯಲ್ಲಿ ನಿಜವಾದ ಮನುಷ್ಯರು ಅವರೊಬ್ಬರೇ. ಮಿಕ್ಕವರೆಲ್ಲ ಯಂತ್ರ ರಚಿಸಿದ ಬೊಂಬೆಗಳು. ನಮ್ಮ ಪುರಾಣಗಳಲ್ಲಿ ಮಾಯಾರೂಪಗಳ ಕಥೆ ಬೇಕಾದಷ್ಟಿದೆ. ಅದು ಹಣಕಾಸಿನ ಸಭೆಗೂ ಬಂದೀತೆಂದು ಯಾರು ಎಣಿಸಿದ್ದರು? ಕಣ್ಣಿಗೆ ಕಂಡರೂ ಕಿವಿಗೆ ಕೇಳಿದರೂ, ಹಣದ ಮಾತು, ಗುಟ್ಟಿನ ಮಾತು ಬಂದಾಗ ಬೇರೊಂದು ದಾರಿಯಿಂದ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು.

ಇನ್ನು ಬೀಗದ ವಿಚಾರ. ಮನೆಗೊಂದು, ಅಂಗಡಿಗೊಂದು, ದೇವಸ್ಥಾನದ ಹುಂಡಿಗೊಂದು ಬೀಗವಿರುತ್ತದೆ. ಎಲ್ಲಕ್ಕೂ ಒಂದೇ ಬೀಗದ ಕೈ ಮಾಡಿಸುವವರನ್ನು ನೀವು ಕಂಡಿದ್ದೀರಾ? ಪಾಸ್‌ವರ್ಡಿನ ವಿಷಯದಲ್ಲಿ ಮಾತ್ರ ನಾವೆಲ್ಲರೂ ಮಾಡುವುದು ಅದನ್ನೇ. ಅಮೆರಿಕದಲ್ಲಿ ೨೦೨೧ರ ಮೇ ೭ರಂದು ಕಲೋನಿಯಲ್ ಪೈಪ್‌ಲೈನ್ ಎಂಬ ಕಂಪನಿಯ ತೈಲದ ಕೊಳವೆಮಾರ್ಗ ನಿಂತುಹೋಯಿತು. ಆ ದೇಶದ ಪೂರ್ವತೀರಕ್ಕೆ ಬೇಕಾದ ಇಂಧನದಲ್ಲಿ ಹೆಚ್ಚು ಕಡಮೆ ಅರ್ಧ ಸಾಗುತ್ತಿದ್ದುದು ಆ ಮಾರ್ಗದಲ್ಲಿ. ಪೆಟ್ರೋಲ್ ಬಂಕುಗಳ ಮುಂದೆ ದಿನಗಟ್ಟಲೆ ಕಾರುಗಳ ಸಾಲು. ಕಾರಣ ವಿಚಾರಿಸಿದರೆ, ದೂರದಿಂದ ಒಳಬರುವುದಕ್ಕೆ ನೌಕರರಿಗೆ ಕೊಟ್ಟಿದ್ದ ವಿ.ಪಿ.ಎನ್.ನ ಒಂದು ಹಳೆಯ ಖಾತೆ. ಅದನ್ನು ಯಾರೂ ಬಳಸುತ್ತಿರಲಿಲ್ಲ; ಆದರೆ ಮುಚ್ಚಿಯೂ ಇರಲಿಲ್ಲ. ಅದಕ್ಕಿದ್ದುದು ಒಂದೇ ಪಾಸ್‌ವರ್ಡು, ಎರಡನೆಯ ಬೀಗವಿಲ್ಲ. ಕಡತಗಳನ್ನು ಬಿಡಿಸಿಕೊಳ್ಳಲು ಕಂಪನಿಯು ಕಳ್ಳರಿಗೆ ತೆತ್ತದ್ದು ೪೪ ಲಕ್ಷ ಡಾಲರಿನಷ್ಟು. ಅದರಲ್ಲಿ ಒಂದು ಭಾಗವನ್ನು ಸರ್ಕಾರದವರು ಆಮೇಲೆ ಹಿಂದಕ್ಕೆ ಪಡೆದರು. ಆದರೂ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಆದ್ದರಿಂದ ಒಂದೊಂದು ಬಾಗಿಲಿಗೂ ಬೇರೆ ಬೇರೆ ಬೀಗವಿರಲಿ, ಉದ್ದವಾಗಿರಲಿ. ಕಾರಣವಿಲ್ಲದೆ ಆಗಾಗ ಬದಲಾಯಿಸುವಂತೆ ನೌಕರರನ್ನು ಬಲವಂತಪಡಿಸುವುದು ಬೇಡ, ಕದ್ದುಹೋದ ಸುಳಿವು ಸಿಕ್ಕಾಗ ತಪ್ಪದೆ ಬದಲಾಯಿಸಬೇಕು, ಪಾಸ್‌ವರ್ಡಿಗೆ ಉದ್ದವೇ ಬಲ ಎಂದು ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯೇ ೨೦೧೭ರ ಸೂಚನೆಗಳಲ್ಲಿ ಹೇಳಿತು. ಪ್ರಸಿದ್ಧ ಕಾವ್ಯವೊಂದರ ಮೊದಲ ಸಾಲನ್ನೇ ಪಾಸ್‌ವರ್ಡಾಗಿ ಇಟ್ಟುಕೊಳ್ಳೋಣವೆಂದು ನನಗೆ ಆಸೆಯಾಯಿತು. "ಊರಿಗೆಲ್ಲ ಬಾಯಿಪಾಠವಾದದ್ದು ಗುಟ್ಟಾಗುವುದು ಹೇಗಪ್ಪಾ?" ಎಂದು ಮಗಳು ಬೇಡವೆಂದಳು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿಕೊಂಡರೆ ನಮಗೆ ನೆನಪಿರುತ್ತದೆ, ಊಹಿಸುವವರಿಗೆ ಕಷ್ಟವಾಗುತ್ತದೆ. ಹುಣಸೆ, ಏಣಿ, ಗುರುವಾರ, ಕಂಬಳಿ, ಹೀಗೆ. ನಾನು ಬಾಯಿಬಿಟ್ಟು ಹೇಳಿಬಿಟ್ಟಿರುವುದರಿಂದ ಈ ನಾಲ್ಕನ್ನು ಮಾತ್ರ ನೀವು ಬಳಸಬಾರದು!

ಎರಡನೆಯ ಬೀಗದಲ್ಲಿಯೂ ತರತಮವುಂಟು. ಫೋನಿಗೆ ಬರುವ ಅಂಕಿ ಇಲ್ಲದಿರುವುದಕ್ಕಿಂತ ಬಹಳ ಮೇಲು. ಆದರೆ ಅಂಕಿಯನ್ನು ಓದಿ ಹೇಳಬಹುದು. ಅದೇ ಅದರ ದೋಷ. ಈಗ ಬೆರಳಿನಷ್ಟು ಪುಟ್ಟದಾದ, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಕೀಲಿ ಬಂದಿದೆ. ಅದು ಅಸಲಿ ಬಾಗಿಲನ್ನು ಗುರುತು ಹಿಡಿದು ಅದನ್ನಷ್ಟೇ ತೆರೆಯುತ್ತದೆ. ಕಳ್ಳರು ಅದೇ ಬಣ್ಣದ ಬಾಗಿಲು ಕಟ್ಟಿ ನಿಲ್ಲಿಸಿದರೆ ಅದಕ್ಕೆ ಒಲಿಯುವುದಿಲ್ಲ. ನಮ್ಮ ಪ್ರಸಂಗ ನಡೆದ ಮೇಲೆ ಮಗಳ ಕಚೇರಿಯವರು ಅವಳಿಗೆ ಅಂಥದೊಂದನ್ನು ಕೊಟ್ಟರು. ಗಟ್ಟಿಯಾಗಿ ಓದುವ ತಂದೆಯಿರುವ ಮನೆಗೆ ಅದೇ ತಕ್ಕದ್ದು.

ಮೂರನೆಯದು, ಮನೆಯ ಯಂತ್ರಗಳ ವಿಚಾರ. ಲಾಸ್ಟ್‌ಪಾಸ್ ಎಂಬ ಕಂಪನಿಗೆ ಜನರ ಪಾಸ್‌ವರ್ಡುಗಳನ್ನು ಜೋಪಾನ ಮಾಡುವುದೇ ಕಸುಬು. ೨೦೨೨ರಲ್ಲಿ ಅಲ್ಲಿಗೇ ಕನ್ನ ಬಿತ್ತು. ಉಗ್ರಾಣದ ಬೀಗದ ಕೈಗಳಿದ್ದುದು ನಾಲ್ವರೇ ಎಂಜಿನಿಯರುಗಳ ಬಳಿ. ಅವರಲ್ಲೊಬ್ಬರ ಮನೆಯ ಕಂಪ್ಯೂಟರಿನಲ್ಲಿ ಚಲನಚಿತ್ರ, ಸಂಗೀತಗಳಿಗಾಗಿ ಹಾಕಿಕೊಂಡಿದ್ದ ಒಂದು ಹಳೆಯ ತಂತ್ರಾಂಶವಿತ್ತು. ಅದರಲ್ಲೊಂದು ಬಿರುಕು. ಬಿರುಕನ್ನು ಮುಚ್ಚುವ ಹೊಸ ಆವೃತ್ತಿ ೨೦೨೦ರಲ್ಲಿಯೇ ಬಂದಿತ್ತು; ಅವರು ಹಾಕಿಕೊಂಡಿರಲಿಲ್ಲ. ಕಳ್ಳರು ಆ ಬಿರುಕಿನಿಂದ ನುಗ್ಗಿ, ಒತ್ತಿದ ಅಕ್ಷರಗಳನ್ನೆಲ್ಲ ಬರೆದುಕೊಳ್ಳುವ ಗೂಢಚಾರನನ್ನು ಒಳಗೆ ಕುಳ್ಳಿರಿಸಿ, ಮುಖ್ಯ ಪಾಸ್‌ವರ್ಡನ್ನು ಹಿಡಿದರು. ಕಚೇರಿಯ ಗೋಡೆ ಎಷ್ಟು ಎತ್ತರವಾಗಿದ್ದರೇನು? ಸುರಂಗದ ಇನ್ನೊಂದು ತುದಿ ಮನೆಯ ಪಡಸಾಲೆಯಲ್ಲಿತ್ತು.

ನಮ್ಮ ಮನೆಗಳಿಗೆ ಇದರಿಂದ ಸಿಗುವ ಪಾಠ ಸರಳವಾದದ್ದು. ಕಚೇರಿಯ ಲ್ಯಾಪ್‌ಟಾಪು ಕಚೇರಿಯ ಕೆಲಸಕ್ಕೆ ಮಾತ್ರ. ತಮ್ಮನ ಆಟಕ್ಕಾಗಲಿ, ಅತ್ತೆಯ ಧಾರಾವಾಹಿಗಾಗಲಿ, ನನ್ನ ಪ್ರಶ್ನಪತ್ರಿಕೆ ಅಚ್ಚುಮಾಡುವುದಕ್ಕಾಗಲಿ ಅಲ್ಲ. 'ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ' ಎಂದು ಯಂತ್ರ ಕೇಳಿದಾಗ 'ನಾಳೆ' ಎನ್ನಬಾರದು. ಗೋಡೆಯ ಮೇಲೆ ದೀಪ ಮಿಟುಕಿಸುತ್ತ ಕುಳಿತಿರುವ ರೌಟರ್ ಎಂಬ ಪೆಟ್ಟಿಗೆಯೂ ಒಂದು ಹೆಬ್ಬಾಗಿಲೇ. ಅಂಗಡಿಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನೇ ಅದಕ್ಕೆ ಉಳಿಸಿಕೊಳ್ಳಬಾರದು. ಬಂದ ನೆಂಟರಿಷ್ಟರಿಗೆ ವೈಫೈ ಬೇಕಾದರೆ ಅತಿಥಿಗಳಿಗೆಂದೇ ಬೇರೆ ಹೆಸರಿನಲ್ಲಿ ಕೊಡುವ ಅನುಕೂಲ ಎಷ್ಟೋ ಪೆಟ್ಟಿಗೆಗಳಲ್ಲಿದೆ. ಎದ್ದು ಹೋಗುವಾಗ ಪರದೆಗೆ ಬೀಗ ಹಾಕುವುದು, ಫೋನಿನ ಮುಖದ ಮೇಲೆ ಅಂಕಿಗಳು ಕಾಣದಂತೆ ಮಾಡಿಕೊಳ್ಳುವುದು, ಬಸ್ಸಿನಲ್ಲಿ ಕುಳಿತು ಕಚೇರಿಯ ವಿಷಯವನ್ನು ಇಡೀ ಬಸ್ಸಿಗೆ ಕೇಳುವಂತೆ ಮಾತನಾಡದಿರುವುದು, ಇವು ವಿದ್ಯೆಯಲ್ಲ, ಅಭ್ಯಾಸ.

ಎಲ್ಲಕ್ಕಿಂತ ಮುಖ್ಯವಾದದ್ದು ತಪ್ಪಾದ ಮೇಲೆ ಏನು ಮಾಡುತ್ತೇವೆ ಎಂಬುದು. ನಮ್ಮ ಮನೆ ಉಳಿದದ್ದು ಜಾಣತನದಿಂದಲ್ಲ. ಜಾಣತನ ಅಂದು ಎರಡು ಸಲ ತಪ್ಪಿತ್ತು. ಉಳಿದದ್ದು ಮಗಳು ಮುಚ್ಚಿಡಲಿಲ್ಲ ಎಂಬ ಒಂದೇ ಕಾರಣದಿಂದ. ನಾಚಿಕೆಪಟ್ಟು ರಾತ್ರಿಯೆಲ್ಲ ಸುಮ್ಮನಿದ್ದಿದ್ದರೆ? ಅವಳ ಮೇಲಧಿಕಾರಿ, "ಹೇಳಿದ್ದು ಒಳ್ಳೆಯದಾಯಿತಮ್ಮ" ಎಂದರಂತೆ. ಆ ಒಂದು ಮಾತಿಗಾಗಿ ನಾನು ಅವರಿಗೆ ಮನಸ್ಸಿನಲ್ಲಿಯೇ ಕೈಮುಗಿದೆ. ಬೈಗುಳ ಸಿಗುವ ಕಡೆ ಜನ ತಪ್ಪನ್ನು ಹೂಳುತ್ತಾರೆ, ಹೂತದ್ದು ಕೊಳೆಯುತ್ತದೆ. ಸರ್ಕಾರದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲಿನಲ್ಲಿ ಹೊರಡಿಸಿದ ಆದೇಶದ ಪ್ರಕಾರ, ಇಂಥ ಘಟನೆಗಳು ಗಮನಕ್ಕೆ ಬಂದ ೬ ಗಂಟೆಗಳೊಳಗೆ ಕಂಪನಿಗಳು ಅದಕ್ಕೆ ತಿಳಿಸಬೇಕು. ನೌಕರರೇ ಹೆದರಿ ಬಾ‌ಯಿಮುಚ್ಚಿಕೊಂಡರೆ ಕಂಪನಿಗೆ ತಿಳಿಯುವುದು ಎಲ್ಲಿಂದ? ಹಣವೇ ಹೋದ ಪಕ್ಷದಲ್ಲಿ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಯ ನಂಬರಿಗೆ ಕೂಡಲೇ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಅವಕಾಶ ಹೆಚ್ಚು.

ಕೊನೆಯದಾಗಿ ಮೇಷ್ಟರಾಗಿ ಒಂದು ಮಾತು; ಇದು ನನಗೆ ನಾನೇ ಹೇಳಿಕೊಳ್ಳುವ ಮಾತೂ ಹೌದು. ನಾವು ಮಕ್ಕಳಿಗೆ ಏನು ಕಲಿಸಿದೆವು? ದೊಡ್ಡವರು ಹೇಳಿದರೆ ಎದುರು ಮಾತನಾಡಬೇಡ, ಸಾಹೇಬರು ಕೇಳಿದರೆ ತಡಮಾಡಬೇಡ, ಯಾರಾದರೂ ಸಹಾಯ ಕೇಳಿದರೆ ಇಲ್ಲವೆನ್ನಬೇಡ. ಕೆಟ್ಟ ಪಾಠಗಳೇನಲ್ಲ. ಆದರೆ ಕಳ್ಳನು ಇವತ್ತು ಸಾಹೇಬರ ದನಿಯಲ್ಲಿಯೇ ಮಾತನಾಡುತ್ತಾನೆ. ನಮ್ಮ ವಿಧೇಯತೆಯೇ ಅವನ ಕನ್ನಗತ್ತರಿ. ತರಗತಿಯಲ್ಲಿ 'ಯಾಕೆ ಸಾರ್?' ಎಂದು ಕೇಳಿದ ಎಷ್ಟು ಮಕ್ಕಳನ್ನು ನಾನು 'ಕೂತುಕೋ' ಎಂದು ಕೂರಿಸಿದ್ದೇನೋ! ಈಗ ಆ ಪಾಠಕ್ಕೆ ಒಂದು ಸಾಲು ಸೇರಿಸಿದ್ದೇನೆ: ವಿನಯದಿಂದ ಪ್ರಶ್ನಿಸುವುದು ಅವಿಧೇಯತೆಯಲ್ಲ.

ಚಿತ್ರದುರ್ಗದ ಓಬವ್ವನ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಕೋಟೆಯ ಕಾವಲಿಗೆ ಸಂಬಳ ಪಡೆಯುತ್ತಿದ್ದವನು ಅವಳ ಗಂಡ. ಅವನು ಊಟಕ್ಕೆ ಕುಳಿತಾಗ ಕಿಂಡಿಯ ಬಳಿ ನಿಂತವಳು ಅವಳು. ಮನೆಯಿಂದ ಕೆಲಸ ಮಾಡುವ ಮಕ್ಕಳಿರುವ ಕುಟುಂಬಗಳ ಸ್ಥಿತಿಯೂ ಈಗ ಅದೇ. ಕಂಪನಿಯ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿಲ್ಲ. ಕಿಂಡಿ ಮಾತ್ರ ನಮ್ಮ ಮನೆಯಲ್ಲಿದೆ. ಒನಕೆ ಬೇಕಾಗಿಲ್ಲ, ಎಚ್ಚರ ಬೇಕು.

ಇವತ್ತು ರಾತ್ರಿ ಊಟಕ್ಕೆ ಎಲ್ಲರೂ ಕುಳಿತಾಗ ಮಗನನ್ನೋ ಮಗಳನ್ನೋ ಕೇಳಿ: "ನೀನಿಲ್ಲದಾಗ ನಿನ್ನ ಕಚೇರಿಯವರೆಂದು ಯಾರಾದರೂ ಕರೆದರೆ ನಾವೇನು ಹೇಳಬೇಕು?" ಅವರು ಹೇಳುವುದನ್ನು ಒಂದು ಚೀಟಿಯಲ್ಲಿ ಬರೆದು ಫೋನಿಡುವ ಕಡೆ ಅಂಟಿಸಿ. ನಮ್ಮ ಮನೆಯ ಚೀಟಿಯಲ್ಲಿರುವುದು ಇಷ್ಟೆ: 'ಅವಳು ಬಂದ ಮೇಲೆ ಹೇಳುತ್ತೇನೆ.' ಅಕ್ಷರ ನನ್ನದೇ. ದಪ್ಪಗೆ, ಸ್ಪಷ್ಟವಾಗಿ ಬರೆದಿದ್ದೇನೆ. ಅಂದಿನಿಂದ ಎರಡು ಸಲ ಅದನ್ನು ಗಟ್ಟಿಯಾಗಿ ಓದಿಯೂ ಇದ್ದೇನೆ.